ಹಲ್ಲಿಗೆ ಕೇಳಿಸಿದ ಸದ್ದು

ಮೂವತ್ನಾಲ್ಕನೇ ವಯಸ್ಸಿಗೆ ನಿವೃತ್ತರಾಗುವವರು ಇಬ್ಬರೇ: ಕ್ರಿಕೆಟ್ ಆಟಗಾರರು ಮತ್ತು ನಾನು. ಅವರನ್ನು ಹೆಗಲ ಮೇಲೆ ಹೊತ್ತು ಮೈದಾನ ಸುತ್ತಿಸುತ್ತಾರೆ. ನನ್ನನ್ನೂ ಹೊತ್ತರು, ಆದರೆ ಟಂಟಂ ಆಟೋದ ಹಿಂದೆ ಚಾಪೆ ಹಾಸಿ ಮಲಗಿಸಲಿಕ್ಕೆ. ಹನ್ನೆರಡು ವರ್ಷ ಗಾಡಿಗಳ ಕೆಳಗೆ ಅಂಗಾತ ಬಿದ್ದು, ಗೇರ್ ಬಾಕ್ಸುಗಳನ್ನು ಕೂಸಿನಂತೆ ಎದೆಯ ಮೇಲೆ ಇಳಿಸಿಕೊಂಡ ಬೆನ್ನು ಒಂದು ದಿನ 'ಸಾಕು' ಎಂದಿತು. ಡಾಕ್ಟರು ಸ್ಕ್ಯಾನಿಂಗ್ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಡಿಸ್ಕ್ ಸರಿದಿದೆ. ಇನ್ನು ಮುಂದೆ ಬಗ್ಗಬಾರದು, ಭಾರ ಎತ್ತಬಾರದು" ಎಂದರು. ಮನೆಗೆ ಬಂದು ಅವರದೇ ಧ್ವನಿಯಲ್ಲಿ, ಅವರದೇ ಕನ್ನಡಕ ಸರಿಸುವ ರೀತಿಯಲ್ಲಿ ಅವ್ವನಿಗೆ ಅದನ್ನು ಹೇಳಿ ತೋರಿಸಿದೆ. ಡಾಕ್ಟರೂ ನಕ್ಕಿರಲಿಲ್ಲ, ಅವ್ವನೂ ನಗಲಿಲ್ಲ. ನನ್ನ ವೃತ್ತಿಜೀವನದಲ್ಲಿ ಪೂರ್ತಿ ಸೋತ ಪ್ರದರ್ಶನ ಅದೊಂದೇ.

ಈಗ ಬಸವಕಲ್ಯಾಣದಲ್ಲಿ ಒಂದು ಬಿಡಿಭಾಗದ ಅಂಗಡಿಯಲ್ಲಿ, ಬೆನ್ನಿಗೆ ಬೆಲ್ಟು ಬಿಗಿದುಕೊಂಡು, ಮಂತ್ರಿಯಂತೆ ನೆಟ್ಟಗೆ ಕೂತಿರುತ್ತೇನೆ. ಐಟಿಐ ಮುಗಿಸಿ ಹೊಸದಾಗಿ ಗ್ಯಾರೇಜು ಸೇರಿದ ಹುಡುಗರು ಬರುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: "ಅಣ್ಣಾ, ಇಂಜಿನ್ ಸಪ್ಪಳ ಕೇಳಿ ರೋಗ ಹ್ಯಾಂಗ ಹಿಡೀಬೇಕ್ರಿ?" ಬಾಯಲ್ಲಿ ಹೇಳಿದರೆ ನಾನು ಸದ್ದು ಮಾಡಿ ತೋರಿಸುತ್ತೇನೆ, ಅವರು ನಗುತ್ತಾರೆ, ಪಾಠ ಅಲ್ಲಿಗೇ ಮುಗಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಮೇಲೆ ನನ್ನ ಬಾಯಿಗೆ ಕೆಲಸವಿಲ್ಲ.

ನನ್ನ ಹೆಸರು ಗೌತಮ. ನಾರಾಯಣಪುರದವನು. ಮೊದಲಿನಿಂದಲೂ ಯಾರನ್ನು ಕಂಡರೂ ಅವರಂತೆ ಮಾಡಿ ತೋರಿಸುವ ಚಟ. ಹೆಡ್ ಮಾಸ್ತರರ ಕೆಮ್ಮು, ಬಸ್ ಕಂಡಕ್ಟರನ ಸೀಟಿ, ಸೋದರಮಾವನ ಗೊರಕೆ, ಎಲ್ಲವೂ ನನ್ನ ಗಂಟಲಲ್ಲಿ ಇದ್ದವು. ಹೊಡೆತವೂ ಅಷ್ಟೇ ತಿಂದಿದ್ದೇನೆ. ಇಪ್ಪತ್ತೆರಡಕ್ಕೆ ಹುಮನಾಬಾದಿನ ಹೈವೇ ಪಕ್ಕದ ಗ್ಯಾರೇಜಿಗೆ ಸೇರಿದಾಗ ಈ ಚಟವೇ ಅನ್ನ ಹಾಕುತ್ತದೆ ಎಂದು ನನಗೂ ಗೊತ್ತಿರಲಿಲ್ಲ, ಹೊಡೆದವರಿಗೂ ಗೊತ್ತಿರಲಿಲ್ಲ.

ಆ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ಮಾಣಿಕಪ್ಪ ಉಸ್ತಾದರ ಕಿವಿಯೇ ಬೋರ್ಡು. ಹೈದರಾಬಾದ್ ಕಡೆಯಿಂದ ಬಂದ ಲಾರಿಯವನೂ, ಸೋಲಾಪುರ ಕಡೆಯಿಂದ ಬಂದವನೂ ಅದನ್ನೇ ಕೇಳಿಕೊಂಡು ಬರುತ್ತಿದ್ದ. ಬೇರೆಯವರು ಇಂಜಿನ್ ಬಿಚ್ಚಿ ನೋಡಿ ಹೇಳುವುದನ್ನು ಉಸ್ತಾದರು ಬಿಚ್ಚದೆ ಹೇಳುತ್ತಾರೆ ಎಂಬುದು ಹೈವೇ ಉದ್ದಕ್ಕೂ ಹಬ್ಬಿದ ಮಾತು. ಈಗ ಒಂದು ಸಂಗತಿ ಮೊದಲೇ ಹೇಳಿಬಿಡುತ್ತೇನೆ, ಆಗ ಅದು ಯಾರಿಗೂ ಗೊತ್ತಿರಲಿಲ್ಲ: ಆ ಕಿವಿ ಎರಡೂ ಹೋಗಿದ್ದವು. ಚಿಕ್ಕಂದಿನಲ್ಲಿ ಸೋರಿ ಸೋರಿ, ಐವತ್ತರ ಹೊತ್ತಿಗೆ ಪೂರಾ ಮುಚ್ಚಿಕೊಂಡಿದ್ದವು. ಆ ಸುದ್ದಿ ಹೊರಗೆ ಬಿದ್ದರೆ ಗ್ಯಾರೇಜಿನ ಬಾಗಿಲು ಮುಚ್ಚಿದಂತೆಯೇ. ಉಸ್ತಾದರು ಅದನ್ನು ಹಲ್ಲು ಕಚ್ಚಿ ಮುಚ್ಚಿಟ್ಟಿದ್ದರು. ಇದು ಬರೀ ಮಾತಲ್ಲ, ನಿಜವಾಗಿಯೂ ಹಲ್ಲು ಕಚ್ಚಿಯೇ.

ಅವರ ಬಳಿ ಮೊಳಕೈ ಉದ್ದದ ಒಂದು ಸ್ಕ್ರೂಡ್ರೈವರ್ ಇತ್ತು, ಮರದ ಹಿಡಿಕೆಯದು. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿನ ಮೈಗೆ ಮುಟ್ಟಿಸುತ್ತಿದ್ದರು. ಎಲ್ಲಾ ಮೆಕ್ಯಾನಿಕರೂ ಹಾಗೆಯೇ ಮಾಡುತ್ತಾರೆ, ಆದರೆ ಇನ್ನೊಂದು ತುದಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಉಸ್ತಾದರು ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದರು. ಕಣ್ಣು ಮುಚ್ಚಿ, ಬಗ್ಗಿ, ಕಬ್ಬು ಕಚ್ಚಿದ ಹಾಗೆ. ಆಮೇಲೆ ಹಿಡಿಕೆ ತೆಗೆದು, "ಮೂರನೇ ಸಿಲಿಂಡರ್ ವಾಲ್ವ್" ಎನ್ನುತ್ತಿದ್ದರು. ಬಿಚ್ಚಿದರೆ ಮೂರನೆಯದೇ ಇರುತ್ತಿತ್ತು.

ನನಗೆ ಅದು ಉಸ್ತಾದರ ಸ್ಟೈಲ್ ಎನಿಸಿತ್ತು. ಹಿಂದಿನಿಂದ ಕರೆದರೆ ಅವರು ತಿರುಗುತ್ತಿರಲಿಲ್ಲ, ಅದನ್ನು ಸೊಕ್ಕು ಎಂದುಕೊಂಡಿದ್ದೆ. ಮಾತಾಡುವವರ ಬಾಯನ್ನೇ ನೋಡುತ್ತಿದ್ದರು, ಅದನ್ನು ಗುಮಾನಿ ಎಂದುಕೊಂಡಿದ್ದೆ. ಗ್ಯಾರೇಜಿನಲ್ಲಿ ಎಲ್ಲರೂ ಕೂಗಿಯೇ ಮಾತಾಡುವುದರಿಂದ ಉಳಿದದ್ದು ಮುಚ್ಚಿಹೋಗಿತ್ತು. ಸದ್ದು ಹಿಡಿಯುವ ಜಾಣ ನಾನು. ಎದುರಿಗಿದ್ದ ಮನುಷ್ಯನಿಗೆ ಸದ್ದೇ ಕೇಳುತ್ತಿಲ್ಲ ಎಂಬುದನ್ನು ಒಂದೂವರೆ ವರ್ಷ ಹಿಡಿಯಲಿಲ್ಲ.

ಮೊದಲ ಪಾಠ ಚಿಟಗುಪ್ಪದ ಕಿರಾಣಿ ವ್ಯಾಪಾರಿ ವೀರಶೆಟ್ಟಿಯವರ ಕಾರಿನಿಂದ ಬಂತು. "ಎಡಕ್ಕ ಹೊಳ್ಳಿಸಿದ್ರ ಗುಡುಗುಡು ಅಂತದ್ರಿ. ಬಲಕ್ಕ ಹೊಳ್ಳಿಸಿದ್ರ ಇನ್ನೊಮ್ಮೆ ಗುಡುಗುಡು" ಎಂದರು. ನಾನು ಆಗತಾನೇ ಐಟಿಐ ಪುಸ್ತಕ ಮುಚ್ಚಿ ಬಂದವನು. ಮುಂದಿನ ಚಕ್ರ ಬಿಚ್ಚಿದೆ, ಜಾಯಿಂಟು ನೋಡಿದೆ, ಇಂಜಿನ್ನು ಕೂರುವ ರಬ್ಬರು ನೋಡಿದೆ. ಮಧ್ಯಾಹ್ನದವರೆಗೆ ಅರ್ಧ ಕಾರು ನೆಲದ ಮೇಲೆ ಹರಡಿತ್ತು. ಉಸ್ತಾದರು ಊಟ ಮುಗಿಸಿ ಬಂದು, ಡಿಕ್ಕಿ ತೆಗೆದು, ಸ್ಟೆಪ್ನಿ ಚಕ್ರದ ಪಕ್ಕ ಕೈ ಹಾಕಿ ಒಂದು ತೆಂಗಿನಕಾಯಿ ತೆಗೆದರು. ಗಾಡಿ ಪೂಜೆಯಲ್ಲಿ ಒಡೆಯದೆ ಉಳಿದದ್ದು.

"ಇದು ಯಾವ ಕಂಪನಿ ಪಾರ್ಟ್ ಲೇ?" ಎಂದು ನನ್ನ ಕೈಗೆ ಕೊಟ್ಟರು.

ವೀರಶೆಟ್ಟಿಯವರು, "ಅದನ್ನೂ ವಾಪಸ್ ಫಿಟ್ ಮಾಡತೀಯೇನು ತಮ್ಮಾ?" ಎಂದರು. ಹುಡುಗರೇ, ಬರೆದುಕೊಳ್ಳಿ: ಬಾನೆಟ್ಟಿಗಿಂತ ಮೊದಲು ಡಿಕ್ಕಿ.

ಗಿರಾಕಿಗಳು ಸದ್ದನ್ನು ಹೇಳುವ ರೀತಿಯೇ ಒಂದು ಭಾಷೆ. ಒಬ್ಬರಿಗೆ ಇಂಜಿನ್ನು ಹಲ್ಲು ಮಸೆದಂತೆ ಕೇಳುತ್ತದೆ, ಇನ್ನೊಬ್ಬರಿಗೆ ಎಮ್ಮೆ ಮೆಲುಕು ಹಾಕಿದಂತೆ. ಒಬ್ಬ ಡ್ರೈವರ್ ಬಂದು, "ನಮ್ಮ ಅತ್ತಿ ಸಿಟ್ಟಾದಾಗ ಭಾಂಡಿ ಇಡ್ತಾಳಲ್ರಿ, ಹಾಂಗ" ಎಂದಿದ್ದ. ಸದ್ದು ಅನೇಕ ಸಲ ಗ್ಯಾರೇಜಿಗೆ ಬರುವ ಹೊತ್ತಿಗೆ ನಿಂತೇ ಹೋಗಿರುತ್ತದೆ, ಡಾಕ್ಟರ ಎದುರು ಜ್ವರ ಇಳಿದಂತೆ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ಗಿರಾಕಿಯ ಮುಂದೆ ನಿಂತು ಖಾನಾವಳಿ ಮಾಣಿಯಂತೆ ಸದ್ದುಗಳನ್ನು ಒಪ್ಪಿಸುತ್ತಿದ್ದೆ: "ಟಿಕಿಟಿಕಿ ಅದನ? ಖಟ್‌ಖಟ್ ಅದನ? ಇಲ್ಲಾ ಕುಂಯ್ ಅಂತದನ?" ಅವರು ಕೈ ಎತ್ತಿ, "ಇದ ನೋಡು, ಇದ ಇದ" ಎನ್ನುತ್ತಿದ್ದರು. ಆ ಸದ್ದನ್ನು ಉಸ್ತಾದರಿಗೆ ಮಾಡಿ ತೋರಿಸುತ್ತಿದ್ದೆ. ಅವರು ಕೊನೆಗೆ ಸ್ಕ್ರೂಡ್ರೈವರ್ ಕಚ್ಚಿ ತೀರ್ಪು ಕೊಡುತ್ತಿದ್ದರು.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಎದುರಿಗೆ ರೇವಣಪ್ಪ ಕಾಕಾನ ಚಹಾದಂಗಡಿ. ಒಂದು ಸಂಜೆ ಅಲ್ಲಿ ಹತ್ತಾರು ಡ್ರೈವರುಗಳು ಕೂತಿದ್ದರು, ಮತ್ತು ನನಗೆ ಹತ್ತು ಜನ ಸಿಕ್ಕರೆ ಬಾಯಿ ಸುಮ್ಮನಿರುವುದಿಲ್ಲ. ಕಾಕಾನ ಉದ್ದನೆಯ ಸೌಟನ್ನು ಕೈಗೆ ತೆಗೆದುಕೊಂಡೆ. ತುದಿಯನ್ನು ಹಾಲಿನ ಪಾತ್ರೆಗೆ ಮುಟ್ಟಿಸಿ, ಹಿಡಿಕೆ ಕಚ್ಚಿ, ಕಣ್ಣು ಮುಚ್ಚಿ, ಸೊಂಟ ಬಗ್ಗಿಸಿದೆ. ಉಸ್ತಾದರ ಮೂಗಿನ ಉಸಿರನ್ನೂ ಬಿಡಲಿಲ್ಲ. ಆಮೇಲೆ ಸೌಟು ತೆಗೆದು ಅವರ ಗಡಸು ಧ್ವನಿಯಲ್ಲಿ, "ಕಾಕಾ, ಈ ಹಾಲಿನ ಬೋರ್ ಹೋಗ್ಯಾದ. ನೀರು ಭಾಳ ಕುಡ್ಯಾಕತ್ತದ" ಎಂದೆ.

ಬೋರ್ ಸವೆದ ಇಂಜಿನ್ನು ಆಯಿಲ್ ಕುಡಿಯುವುದನ್ನು ದಿನಾ ಕಂಡ ಡ್ರೈವರುಗಳು ಚಹಾ ಮೂಗಿಗೆ ಏರುವಷ್ಟು ನಕ್ಕರು. ಕಾಕಾ ಮಾತ್ರ ನಗಲಿಲ್ಲ. ಹಾಲಿನ ಮಾತಿಗೆ ಸಿಟ್ಟಾಗಿರಬೇಕು ಎಂದುಕೊಂಡೆ. ಅವನ ಕಣ್ಣು ಹೋದ ಕಡೆ ತಿರುಗಿದರೆ ಉಸ್ತಾದರು ಖಾಲಿ ಗ್ಲಾಸು ಹಿಡಿದು ನಿಂತಿದ್ದರು. ಅವರೂ ಸಣ್ಣಗೆ ನಕ್ಕರು. ಗ್ಲಾಸನ್ನು ಕಟ್ಟೆಯ ಮೇಲಿಟ್ಟು ಹೋದರು.

ಮರುದಿನದಿಂದ ಆ ಸ್ಕ್ರೂಡ್ರೈವರ್ ಗೋಡೆಯ ಮೊಳೆಗೆ ಹೋಯಿತು. ಗಾಡಿ ಬಂದರೆ ಉಸ್ತಾದರು ನನ್ನನ್ನು ಮೂಲೆಗೆ ಕರೆದು, "ಏನ್ ಸಪ್ಪಳ ಬರಾಕತ್ತದ? ಮಾಡಿ ತೋರ್ಸು" ಎನ್ನುತ್ತಿದ್ದರು. ಮುಖವನ್ನು ತೀರಾ ಹತ್ತಿರ ತಂದು, ಕೈಯನ್ನು ನನ್ನ ಕುತ್ತಿಗೆಯ ಬುಡಕ್ಕೆ ಇಟ್ಟು, "ಇನ್ನೊಮ್ಮೆ. ಜೋರಲೆ" ಎನ್ನುತ್ತಿದ್ದರು. ನನಗೋ, ಉಸ್ತಾದರು ನನ್ನ ಕಲೆಗೆ ಮನಸೋತಿದ್ದಾರೆ ಎಂಬ ಹಿಗ್ಗು. ಜೋರಾಗಿ ಮಾಡುತ್ತಿದ್ದೆ, ಜೊತೆಗೆ ಸ್ವಲ್ಪ ಮಸಾಲೆ ಸೇರಿಸುತ್ತಿದ್ದೆ. ಇಂಜಿನ್ನು ಸಪ್ಪಗೆ ಮಾಡುವುದನ್ನು ನಾನು ಖಾರವಾಗಿ ಮಾಡುತ್ತಿದ್ದೆ. ಒಂದು ತಿಂಗಳು ಹೀಗೇ ನಡೆಯಿತು. ಸುಲಭದ ಕೇಸುಗಳಾಗಿದ್ದರಿಂದ ದಾಟಿಹೋದವು.

ಆಗ ಕಲಾವತಿ ಅಕ್ಕ ಬಂದರು. ಹುಲಸೂರು ಮತ್ತು ಬಸವಕಲ್ಯಾಣದ ನಡುವೆ ಸ್ವಂತ ಜೀಪು ಓಡಿಸುತ್ತಿದ್ದ ಹೆಂಗಸು. ಸ್ಟಿಯರಿಂಗ್ ಹಿಡಿದರೆ ಎದುರಿನ ಲಾರಿಯವರೇ ಪಕ್ಕಕ್ಕೆ ಸರಿಯುವಂಥ ಗತ್ತು. ಜೀಪಿನಲ್ಲಿ ದಿನಾ ಕಾಲೇಜಿಗೆ ಹೋಗುವ ಹುಡುಗಿಯರು ತುಂಬಿರುತ್ತಿದ್ದರು. ಎರಡು ದಿನದ ರಜೆ ಇತ್ತೆಂದು ಜೀಪನ್ನು ಹುಮನಾಬಾದಿಗೆ ತಂದಿದ್ದರು.

"ನಿಂತಾಗ ಸಪ್ಪಳ ಬರ್ತದ. ಓಡಾಕತ್ತಿದ್ರ ಕಮ್ಮಿ ಆಗ್ತದ" ಎಂದರು. ನಾನು ಮಾಣಿಯ ಪಟ್ಟಿ ಶುರು ಮಾಡಿದೆ. ಅಕ್ಕ ಕೈಯೆತ್ತಿ ತಡೆದರು. "ನೀ ಬಾಯಿ ಮುಚ್ಚು. ನಾ ಮಾಡ್ತೀನಿ ಕೇಳು." ನಾಲಿಗೆಯನ್ನು ಅಂಗುಳಕ್ಕೆ ತಗಲಿಸಿ ಒಂದು ಒಣ ಸದ್ದು ಮಾಡಿದರು: ಟಕ್, ಟಕ್, ಟಕ್-ಟಕ್. ಬಾವಿಯ ಗಾಲಿ ಸಡಿಲಾದಂತೆ. ಹನ್ನೆರಡು ವರ್ಷದಲ್ಲಿ ಗಿರಾಕಿಯೊಬ್ಬರು ಅಷ್ಟು ಶುದ್ಧವಾಗಿ ಸದ್ದು ಮಾಡಿದ್ದು ನಾನು ಕೇಳಿಲ್ಲ. ನನಗಿಂತ ಚೆನ್ನಾಗಿತ್ತು. ಅದೇ ಸಮಸ್ಯೆಯಾಯಿತು.

ಉಸ್ತಾದರ ಮುಂದೆ ನಿಂತಾಗ ಅಕ್ಕನನ್ನು ಮೀರಿಸಬೇಕೆಂಬ ಹುಕಿ ಬಂತು. ಹೊಟ್ಟೆಯಿಂದ ಉಸಿರು ತಂದು, ಢಕ್, ಢಕ್ ಎಂದು ಮದುವೆ ಬ್ಯಾಂಡಿನವನಂತೆ ಬಾರಿಸಿದೆ. ಉಸ್ತಾದರ ಕೈ ನನ್ನ ಕುತ್ತಿಗೆಯ ಮೇಲಿತ್ತು. ಅವರ ಮುಖ ಇಳಿಯಿತು.

"ಬೇರಿಂಗ್ ಹೋಗ್ಯಾದ. ಇಳಸ್ರಿ" ಎಂದರು.

ಬೇರಿಂಗು ಎಂದರೆ ಇಂಜಿನ್ನಿನ ಹೊಟ್ಟೆಯೊಳಗಿನ ಮಾತು. ತೈಲ ಬಸಿದು, ತಳದ ತಟ್ಟೆ ಬಿಚ್ಚಿ, ಇಡೀ ದಿನ ನಾನು ಜೀಪಿನ ಕೆಳಗೇ ಇದ್ದೆ. ಬೇರಿಂಗುಗಳನ್ನು ಒಂದೊಂದಾಗಿ ತೆಗೆದು ಒರೆಸಿದರೆ ಮುಖ ನೋಡಿಕೊಳ್ಳುವಷ್ಟು ಹೊಳೆಯುತ್ತಿದ್ದವು. ಒಂದು ಗೀರೂ ಇರಲಿಲ್ಲ. ಎಲ್ಲವನ್ನೂ ವಾಪಸ್ ಕೂರಿಸಿ ಮರುದಿನ ಇಂಜಿನ್ ಚಾಲೂ ಮಾಡಿದೆವು. ಟಕ್, ಟಕ್, ಟಕ್-ಟಕ್.

ಅಕ್ಕ ಸ್ಟೂಲಿನ ಮೇಲಿಂದ ಎದ್ದು ಬಂದರು. "ತಮ್ಮಾ, ನಾ ಟಕ್ ಅಂದಿದ್ದೆ. ನೀ ಅವರ ಮುಂದ ಢಕ್ ಅಂದಿ. ನಾ ಇಲ್ಲೇ ಕುಂತು ಕೇಳೀನಿ. ನನ್ನ ಗಾಡಿ ಸಪ್ಪಳಕ್ಕ ನೀ ಯಾಕ ಒಗ್ಗರಣಿ ಹಾಕ್ದಿ?" ಆಮೇಲೆ ಉಸ್ತಾದರ ಕಡೆ ತಿರುಗಿದರು. "ನೀವರೇ ಒಮ್ಮೆ ಕೇಳ್ರಿ. ನಿಮ್ಮ ಕಿವಿ ಮ್ಯಾಲೆ ಭರೋಸಾ ಇಟ್ಟು ಅಷ್ಟು ದೂರದಿಂದ ಬಂದೀನಿ. ನಾಳೆ ಮುಂಜಾನೆ ಹುಡುಗ್ಯಾರು ರೋಡ್ ಮ್ಯಾಲೆ ನಿಂದರ್ತಾವ."

ಚಹಾದಂಗಡಿಯವರು ಗ್ಲಾಸು ಹಿಡಿದುಕೊಂಡೇ ರಸ್ತೆ ದಾಟಿ ಬಂದು ನಿಂತಿದ್ದರು. ಮಾಣಿಕಪ್ಪ ಉಸ್ತಾದರು ಸುಮ್ಮನೆ ಇಂಜಿನ್ ಬಿಚ್ಚಿಸಿದರು ಎಂಬ ಮಾತು ಸಂಜೆಯೊಳಗೆ ಎರಡೂ ದಿಕ್ಕಿಗೆ ಹೋಗುವುದರಲ್ಲಿತ್ತು. ಉಸ್ತಾದರು ಅಕ್ಕನ ಬಾಯನ್ನೇ ನೋಡುತ್ತಿದ್ದರು. ಆಮೇಲೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು.

ನಾನು ಹಿಂದೆಯೇ ಹೋದೆ. ಮೊಳೆಯ ಮೇಲಿನ ಸ್ಕ್ರೂಡ್ರೈವರ್ ತೋರಿಸಿ, "ಉಸ್ತಾದ್ರ, ಇದು ಯಾಕ ಬಿಟ್ರಿ? ಇದ್ರಲೆ ನೋಡಿದ್ರ ಗೊತ್ತಾಗ್ತಿತ್ತಲ್ರಿ" ಎಂದೆ.

ಅವರು ಮೊಳೆಯತ್ತ ಒಮ್ಮೆ ನೋಡಿದರು. "ಮಂದಿ ನಗಾಕತ್ತಿದ್ರಲ್ಲ. ನಕ್ರ ಪರವಾಗಿಲ್ಲ. ಯಾಕ ಹಲ್ಲಿಲೆ ಕೇಳ್ತಾನ ಅಂತ ಯಾರರೇ ವಿಚಾರ ಮಾಡಿದ್ರ ಏನ್ ಮಾಡ್ಲಿ?"

"ಯಾಕ ಕೇಳ್ತೀರಿ?"

"ಕಿವಿಲೆ ಕೇಳಂಗಿಲ್ಲ ಅದಕ. ನೀ ಈಗ ಮಾತಾಡಿದ್ದೂ ನಿನ್ನ ತುಟಿ ನೋಡಿ ತಿಳ್ಕೊಂಡೀನಿ. ಹಲ್ಲು ಕಚ್ಚಿದ್ರ ಸಪ್ಪಳ ಎಲುಬಿನಾಗಿಂದ ತಲಿಗೆ ಬರ್ತದ. ಅದೊಂದೇ ಹಾದಿ ಉಳಿದದ." ಆಮೇಲೆ ನನ್ನ ಭುಜ ತಟ್ಟಿ, "ನೀ ಛೊಲೊ ಮಾಡಿದ್ದಿ ಲೇ ಅವತ್ತ. ಸೊಂಟ ಬಗ್ಗಿಸಿದ್ದು ಬರಾಬರ್ ನನ್ನಂಗೇ ಇತ್ತು" ಎಂದರು.

ಬೈದಿದ್ದರೆ ಅವರ ಬೈಗುಳವನ್ನೂ ಕಲಿತು ನಾಳೆ ಮಾಡಿ ತೋರಿಸುತ್ತಿದ್ದೆನೇನೋ. ಹೊಗಳಿದ್ದರಿಂದ ಬಾಯಿ ಕಟ್ಟಿತು. ಇಂಜಿನ್ನಿನ ಸದ್ದಿಗೆಂದು ಆ ಮನುಷ್ಯ ಹುಡುಕಿಕೊಂಡಿದ್ದ ಕೊನೆಯ ಕಿವಿಯನ್ನು ಹಾಲಿನ ಪಾತ್ರೆಯಲ್ಲಿ ಮುಳುಗಿಸಿದವನು ನಾನು.

ಮೊಳೆಯಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಹೊರಗೆ ಬಂದೆ. ಎಲ್ಲರ ಎದುರು ಹಿಡಿಕೆ ಕಚ್ಚಿ, ಎರಡೂ ಕಿವಿಗೆ ಬೆರಳಿಟ್ಟುಕೊಂಡು, ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿದೆ. ಗುಂಪು ನಕ್ಕಿತು. "ಶುರು ಆತು ನೋಡ್ರಿ ಇವನ ನಕಲಿ" ಎಂದು ಯಾರೋ ಅಂದಿರಬೇಕು, ನನಗೆ ಕೇಳಲಿಲ್ಲ. ಯಾಕೆಂದರೆ ಆ ಹೊತ್ತಿಗೆ ಇಡೀ ಇಂಜಿನ್ನು ನನ್ನ ತಲೆಬುರುಡೆಯೊಳಗೆ ಬಂದು ಕೂತಿತ್ತು. ಹೊರಗೆ ಒಂದೇ ಗದ್ದಲವಾಗಿದ್ದದ್ದು ಒಳಗೆ ಬೇರೆ ಬೇರೆಯಾಗಿ ಕೇಳುತ್ತಿತ್ತು: ವಾಲ್ವುಗಳು ಒಂದು ಕಡೆ, ನೀರಿನ ಪಂಪು ಒಂದು ಕಡೆ, ದೂರದಲ್ಲಿ ಟಕ್. ಒಂದೂವರೆ ವರ್ಷ ಸದ್ದು ಮಾಡಿದವನು ಅಂದು ಮೊದಲ ಸಲ ಸದ್ದು ಕೇಳಿದೆ.

ಆದರೆ ಕೇಳುವುದು ಬೇರೆ, ತಿಳಿಯುವುದು ಬೇರೆ. ಹಿಡಿಕೆಯನ್ನು ಅಂಗಿಗೆ ಒರೆಸಿ, ಬಾಗಿಲಲ್ಲಿ ನಿಂತಿದ್ದ ಉಸ್ತಾದರ ಎದುರಿಗೆ ಹೋಗಿ, ತುಟಿ ಕಾಣುವಂತೆ ಹೇಳಿದೆ: "ನನಗ ಕೇಳಾಕತ್ತದ್ರಿ, ಖರೆ ತಿಳಿವಲ್ದು. ಇದು ನಿಮ್ಮ ಕೆಲಸ. ನೀವ ಬರ್ರಿ."

ಅವರು ಗುಂಪನ್ನು ಒಮ್ಮೆ ನೋಡಿದರು. ಸ್ಕ್ರೂಡ್ರೈವರ್ ತೆಗೆದುಕೊಂಡರು. ಬಗ್ಗಿದರು, ಕಚ್ಚಿದರು, ಕಣ್ಣು ಮುಚ್ಚಿದರು. ಮೊದಲು ತಳದ ತಟ್ಟೆಗೆ ಮುಟ್ಟಿಸಿ ತಲೆಯಾಡಿಸಿದರು. ಆಮೇಲೆ ನಡುಭಾಗಕ್ಕೆ. ಆಮೇಲೆ ಇಂಜಿನ್ನಿನ ಮುಂಭಾಗದ ಮುಚ್ಚಳಕ್ಕೆ, ಬೆಲ್ಟು ತಿರುಗಿಸುವ ದೊಡ್ಡ ಪುಲ್ಲಿಯ ಹಿಂದೆ. ಅಲ್ಲಿ ನಿಂತರು. ಒಬ್ಬರೂ ನಗಲಿಲ್ಲ.

"ಇಂಜಿನ್ ಬಂದ್ ಮಾಡು. ಬೆಲ್ಟ್ ತಗಿ. ಪುಲ್ಲಿ ಹಿಡಿದು ಅಳ್ಳಾಡ್ಸು."

ಅಲ್ಲಾಡಿಸಿದೆ. ಹಾಲುಹಲ್ಲಿನಂತೆ ಅಲ್ಲಾಡಿತು. ಪುಲ್ಲಿಯ ಬೋಲ್ಟು ಸಡಿಲಾಗಿ, ಇಂಜಿನ್ನು ನಿಧಾನವಾಗಿ ತಿರುಗುವಾಗ ಪುಲ್ಲಿ ತನ್ನ ದಂಡದ ಮೇಲೆ ತಾನೇ ಬಡಿದುಕೊಳ್ಳುತ್ತಿತ್ತು. ಗತಿ ಏರಿದರೆ ಸುಮ್ಮನಾಗುತ್ತಿತ್ತು. ಪುಲ್ಲಿಯನ್ನು ದಂಡಕ್ಕೆ ಹಿಡಿದಿಡುವ ಕೀಲಿ ಸವೆದಿತ್ತು, ಅದನ್ನು ಬದಲಿಸಿ ಬೋಲ್ಟು ಬಿಗಿದೆವು. ಸಂಜೆ ಚಾಲೂ ಮಾಡಿದರೆ ಜೀಪು ಹೊಸ ಸೊಸೆಯಂತೆ ಮೆತ್ತಗೆ ಮಾತಾಡುತ್ತಿತ್ತು.

ಅಕ್ಕ ಸ್ಟಿಯರಿಂಗ್ ಹಿಂದೆ ಹತ್ತಿ ಕೂತು, "ಉಸ್ತಾದ್ರ, ಕಿವಿ ಇಲ್ಲದಿದ್ರೂ ನಡೀತದ, ಹಲ್ಲು ಜೋಪಾನ ಮಾಡ್ರಿ" ಎಂದರು. ಎಲ್ಲವೂ ಅವರಿಗೆ ಯಾವಾಗ ಗೊತ್ತಾಯಿತೋ. ನನಗೆ ಒಂದೂವರೆ ವರ್ಷ ಬೇಕಾಗಿದ್ದು ಅವರಿಗೆ ಎರಡು ದಿನದಲ್ಲಿ ತಿಳಿದಿತ್ತು. ಉಸ್ತಾದರು ಗುಂಪಿನತ್ತ ತಿರುಗಿ, ಮುಚ್ಚಿಡುವುದು ಸಾಕಾಯಿತೇನೋ ಎಂಬಂತೆ ತಾವೇ ಹೇಳಿದರು: "ಹೌದ್ರಿ, ನನಗ ಕಿವಿ ಕೇಳಂಗಿಲ್ಲ. ಭಾಳ ವರ್ಷ ಆತು. ಬ್ಯಾರೆ ಗ್ಯಾರೇಜಿಗೆ ಹೋಗೋರು ಹೋಗ್ರಿ."

ರೇವಣಪ್ಪ ಕಾಕಾ, "ಅದಕ ಏನ್ರಿ, ನನ್ನ ಚಾದ ಹಳೆ ಉದ್ರಿ ಕೇಳಿದಾಗ ಸುಮ್ನಿರ್ತಿದ್ದಿದ್ದು?" ಎಂದ. ಉಸ್ತಾದರು ಅವನ ಬಾಯಿ ನೋಡಿ, "ಇದು ಮಾತ್ರ ಕೇಳಿಲ್ಲ ನೋಡು" ಎಂದರು.

ಯಾರೂ ಹೋಗಲಿಲ್ಲ. ಬೋರ್ಡು ಬದಲಾಯಿತು ಅಷ್ಟೇ. 'ಹಲ್ಲಿಲೆ ಕೇಳೋ ಉಸ್ತಾದ' ಎಂದು ಹುಡುಕಿಕೊಂಡು ಬರುವವರು ಮೊದಲಿಗಿಂತ ಹೆಚ್ಚಾದರು. ಕೆಲವರು ಗಾಡಿಗೆ ಏನೂ ಆಗದಿದ್ದರೂ ನೋಡಲೆಂದೇ ಬಂದರು.

ಈಗ ಕಾಲ ಬದಲಾಗಿದೆ. ಸ್ಕ್ಯಾನರ್ ಸಿಕ್ಕಿಸಿದರೆ ಗಾಡಿಯೇ ತನ್ನ ರೋಗ ಬರೆದು ಕೊಡುತ್ತದೆ. ಆದರೆ ಸಡಿಲವಾದ ಪುಲ್ಲಿಯನ್ನಾಗಲಿ ತೆಂಗಿನಕಾಯಿಯನ್ನಾಗಲಿ ಅದು ಬರೆದಿದ್ದನ್ನು ನಾನು ಕಂಡಿಲ್ಲ. ಜನ ಮೊಬೈಲಿನಲ್ಲಿ ಇಂಜಿನ್ನಿನ ಸದ್ದು ಹಿಡಿದು ಕಳಿಸುತ್ತಾರೆ. ಹೋದ ವರ್ಷ ಒಬ್ಬನ ಗಾಡಿಯ ಶಿಳ್ಳೆ ಕೇಳಿ ಅರ್ಧ ದಿನ ತಲೆ ಕೆಡಿಸಿಕೊಂಡೆ. ಆಮೇಲೆ ತಿಳಿಯಿತು, ಅದು ಅವರ ಅಡುಗೆಮನೆಯ ಕುಕ್ಕರು. ಮೂರು ಸಲ ಕೂಗಿತ್ತು, ಬೇಳೆ ಬೆಂದಿರಬೇಕು. ಅದಕ್ಕೆ ಹೇಳುತ್ತೇನೆ: ಯಂತ್ರ ಇಟ್ಟುಕೊಳ್ಳಿ, ಮೊಬೈಲೂ ಇಟ್ಟುಕೊಳ್ಳಿ, ಆದರೆ ಗಾಡಿಯ ಹತ್ತಿರ ಹೋಗಿ ಮುಟ್ಟಿ ಕೇಳಿ. ಕೇಳಿದ್ದಕ್ಕೆ ನಿಮ್ಮ ಮಸಾಲೆ ಸೇರಿಸಬೇಡಿ. ಮತ್ತು ಉಸ್ತಾದರು ಯಾಕೆ ಹಾಗೆ ಮಾಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ, ಆಮೇಲೆ ಬೇಕಾದರೆ ಚಹಾದಂಗಡಿಯಲ್ಲಿ ಮಾಡಿ ತೋರಿಸಿ.

ನಾನು ಗ್ಯಾರೇಜು ಬಿಟ್ಟ ದಿನ ಟಂಟಂ ಆಟೋದಲ್ಲಿ ಅಂಗಾತ ಮಲಗಿದ್ದೆ. ಡ್ರೈವರುಗಳು, ಕಾಕಾ, ಸುದ್ದಿ ಕೇಳಿ ಜೀಪು ನಿಲ್ಲಿಸಿ ಬಂದಿದ್ದ ಕಲಾವತಿ ಅಕ್ಕ, ಎಲ್ಲರೂ ಸುತ್ತ ನಿಂತಿದ್ದರು. ಇನ್ನು ಮುಂದೆ ನನ್ನ ಕೈಗೆ ಕೆಲಸವಿಲ್ಲ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಒಂದು ನಕಲು ಮಾಡಿ ನಗಿಸೋಣವೆಂದರೆ ಅಂದು ಯಾರ ಧ್ವನಿಯೂ ಗಂಟಲಿಗೆ ಬರಲಿಲ್ಲ.

ಉಸ್ತಾದರು ಒಳಗಿನಿಂದ ಸ್ಕ್ರೂಡ್ರೈವರ್ ತಂದರು. ಆಟೋದ ಅಂಚಿಗೆ ಬಗ್ಗಿ, ತುದಿಯನ್ನು ನನ್ನ ಎದೆಯ ಮೇಲೆ ಮೆಲ್ಲಗೆ ಇಟ್ಟು, ಹಿಡಿಕೆ ಕಚ್ಚಿ ಕಣ್ಣು ಮುಚ್ಚಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಹಿಡಿಕೆ ತೆಗೆದು ಎಲ್ಲರಿಗೂ ಹೇಳಿದರು:

"ಇಂಜಿನ್ ಬರಾಬರ್ ಅದ. ಕೆಳಗಿನ ಚಾಸಿ ಅಷ್ಟೇ ಬಗ್ಗ್ಯಾದ." ಆಟೋದವನ ಬೆನ್ನು ತಟ್ಟಿ, ನನ್ನತ್ತ ಬೆರಳು ಮಾಡಿ, "ನಿಧಾನ ಹೊಡಿ. ಹಾರ್ನ್ ತಾನೇ ಹೊಡ್ಕೋತದ ಇದು. ಅದು ಮೊದಲಿಂದನೂ ಹಾಂಗೇ ಅದ, ರಿಪೇರಿ ಆಗಂಗಿಲ್ಲ" ಎಂದರು.